ಹದಿನೆಂಟು ತಂಟೆಕೋರರ ಮೇಷ್ಟ್ರು: ಜೇಮ್ಸ್ ನೈಸ್ಮಿತ್

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಒಂಬತ್ತನೇ ತರಗತಿಯ ಬಿ ವಿಭಾಗ. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತಶಾಸ್ತ್ರ. ರಜೆ, ಪ್ರತಿಭಾ ಕಾರಂಜಿಯ ತಯಾರಿ ಎಂದು ಮೂರನೇ ವಾರದ ಹೊತ್ತಿಗೆ ನಾಲ್ಕು ಪಾಠ ಹಿಂದೆ ಬಿದ್ದಿದ್ದೆ. ಶುಕ್ರವಾರದ ಕೊನೆಯ ಅವಧಿ ಆಟದ್ದು. ಅದನ್ನು ದೈಹಿಕ ಶಿಕ್ಷಕರಿಂದ ಕೇಳಿ ಪಡೆದುಕೊಂಡೆ. ಅವರು ಇಲ್ಲ ಎನ್ನಲಿಲ್ಲ. ಎಲ್ಲರೂ ಕೇಳುತ್ತಾರೆ, ಅವರಿಗೆ ಅಭ್ಯಾಸವಾಗಿಬಿಟ್ಟಿದೆ.

ಆ ದಿನ ಕಿಟಕಿ ಪಕ್ಕದ ಒಬ್ಬ ಹುಡುಗಿ ಪುಸ್ತಕವನ್ನೇ ತೆರೆಯಲಿಲ್ಲ. ಗಣಿತದ ಎರಡೂ ಕಿರುಪರೀಕ್ಷೆಗಳಲ್ಲಿ ಹಿಂದೆ ಬಿದ್ದವಳು, ಆದರೆ ತಾಲ್ಲೂಕು ಮಟ್ಟದಲ್ಲಿ ಥ್ರೋಬಾಲ್ ಆಡಿದವಳು. ಶಾಲೆ ಬಿಟ್ಟ ಮೇಲೆ ಕರೆದು ಕೇಳಿದೆ. ತಾನು ಶಾಲೆಗೆ ಬರುವುದೇ ಈ ಒಂದು ಅವಧಿಗೆ ಎಂದಳು. ಈ ವರ್ಷ ಮುಗಿದರೆ ಅಕ್ಕನ ಜೊತೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಮಾತು ಮನೆಯಲ್ಲಿ ನಡೆದಿದೆಯಂತೆ. ಕೊನೆಗೆ ಒಂದು ಪ್ರಶ್ನೆ ಕೇಳಿದಳು. ಬೇರೆ ಶಾಲೆಗಳಲ್ಲಿ ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಎಲ್ಲ ವೃತ್ತಿ ವಿಷಯ ಎಂದು ಓದಿಸುತ್ತಾರೆ, ಆಟವನ್ನೂ ಹಾಗೆ ಓದಬಹುದಾ ಮಿಸ್ ಎಂದು. ಎನ್‌ಎಸ್‌ಕ್ಯೂಎಫ್‌ನ ರಾಷ್ಟ್ರೀಯ ಪಟ್ಟಿಯಲ್ಲಿ ದೈಹಿಕ ಶಿಕ್ಷಣ ಮತ್ತು ಕ್ರೀಡೆ ಇದೆ. ಆ ಶಾಲೆಯಲ್ಲಿ ಇಲ್ಲ. ಇಷ್ಟು ಹೇಳಿ ಸುಮ್ಮನಾದೆ. ಅವಳ ಅವಧಿಯನ್ನು ಕಿತ್ತುಕೊಂಡವಳು ನಾನೇ ಆಗಿದ್ದರಿಂದ ಹೆಚ್ಚು ಮಾತಾಡಲು ಬಾಯಿ ಬರಲಿಲ್ಲ.

ಮುಂದಿನ ಶುಕ್ರವಾರದೊಳಗೆ ಅವಳಿಗೆ ಏನಾದರೂ ಹೇಳಬೇಕೆಂದು ಹುಡುಕುತ್ತಾ ಹೋದಾಗ ಜೇಮ್ಸ್ ನೈಸ್ಮಿತ್ ಸಿಕ್ಕಿದರು. ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದವರು ಎಂದು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದು ಸಾಲು ಓದಿದ್ದೆ, ಅಷ್ಟೇ.

ನೈಸ್ಮಿತ್ ಹುಟ್ಟಿದ್ದು 1861ರ ನವೆಂಬರ್ 6ರಂದು, ಕೆನಡಾದ ಆಂಟೇರಿಯೊ ಪ್ರಾಂತ್ಯದ ಆಲ್ಮಾಂಟ್ ಎಂಬ ಊರಿನ ಬಳಿ. ಒಂಬತ್ತು ವರ್ಷದವರಿದ್ದಾಗ ತಂದೆ ತಾಯಿ ಇಬ್ಬರೂ ಟೈಫಾಯ್ಡ್‌ನಿಂದ ತೀರಿಕೊಂಡರು. ಮುಂದೆ ಸೋದರಮಾವನ ಮನೆಯಲ್ಲಿ ಬೆಳೆದರು. ಹೊಲದ ಕೆಲಸ, ಕುದುರೆ ಹೂಡುವುದು, ಮರ ಕಡಿಯುವುದು. ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟು ಮರ ಕಡಿಯುವವರ ಗುಂಪು ಸೇರಿದರು. ಕೆಲವು ವರ್ಷ ಕಾಡಿನಲ್ಲಿ ದುಡಿದ ಮೇಲೆ, ಇಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ತಮಗಿಂತ ಚಿಕ್ಕ ಹುಡುಗರ ಜೊತೆ ಅದೇ ಹೈಸ್ಕೂಲಿನ ಬೆಂಚಿನಲ್ಲಿ ಮತ್ತೆ ಕುಳಿತರು. ಅದನ್ನು ಮುಗಿಸಿ 1883ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯ ಸೇರಿದರು.

ಮನೆಯವರ ಲೆಕ್ಕದಲ್ಲಿ ಅವರು ಪಾದ್ರಿಯಾಗಬೇಕಿತ್ತು. ಪದವಿಯ ನಂತರ ದೇವತಾಶಾಸ್ತ್ರವನ್ನೂ ಓದಿದರು. ಆದರೆ ಫುಟ್‌ಬಾಲ್ ಮೈದಾನ, ಜಿಮ್ನಾಷಿಯಂ ಬಿಡಲಿಲ್ಲ. ಪಾದ್ರಿಯಾಗುವವನಿಗೆ ಇದೆಂಥ ಚಟ ಎಂದು ಸ್ನೇಹಿತರು ಅವರಿಗಾಗಿ ಪ್ರಾರ್ಥನೆ ಮಾಡಿದ್ದುಂಟು. ಹುಡುಗರನ್ನು ತಿದ್ದುವ ಕೆಲಸ ಚರ್ಚಿನ ವೇದಿಕೆಯಿಂದ ಆಗುವಷ್ಟೇ ಮೈದಾನದಿಂದಲೂ ಆಗುತ್ತದೆ ಎಂಬ ನಂಬಿಕೆ ಅವರಲ್ಲಿ ಗಟ್ಟಿಯಾಗಿತ್ತು. 1890ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಗೆ ಹೋದರು. ದೈಹಿಕ ಶಿಕ್ಷಣವನ್ನು ಒಂದು ಉದ್ಯೋಗವಾಗಿ ಕಲಿಸುತ್ತಿದ್ದ ಕೆಲವೇ ಜಾಗಗಳಲ್ಲಿ ಅದೂ ಒಂದು. ಮೊದಲು ವಿದ್ಯಾರ್ಥಿ, ಮರುವರ್ಷ ಅಲ್ಲೇ ಬೋಧಕ. ಅಕ್ಕ ಆನಿಗೆ ಮಾತ್ರ ತಮ್ಮ ಪಾದ್ರಿಯಾಗದೆ ಆಟದ ಮೇಷ್ಟ್ರಾದದ್ದು ಸಹಿಸಲಾಗಲಿಲ್ಲ.

ಇಲ್ಲಿಂದ ಮುಂದಿನ ಹದಿನಾಲ್ಕು ದಿನಗಳ ಕಥೆ ಬಿ.ಎಡ್. ಪ್ರಶಿಕ್ಷಣಾರ್ಥಿಗಳೆಲ್ಲ ಓದಬೇಕಾದದ್ದು.

1891ರ ಚಳಿಗಾಲ. ಹೊರಗೆ ಹಿಮ. ವೈಎಂಸಿಎ ಕಾರ್ಯದರ್ಶಿಗಳಾಗಲು ಓದುತ್ತಿದ್ದ ಹದಿನೆಂಟು ಜನರ ಒಂದು ತರಗತಿ ಇತ್ತು. ಅವರು ಚಿಕ್ಕ ಹುಡುಗರಲ್ಲ, ವಯಸ್ಸಾದವರು. ಕವಾಯತು, ಸಾಮೂಹಿಕ ವ್ಯಾಯಾಮ ಅವರಿಗೆ ಬೇಡವೇ ಬೇಡ. ಇಬ್ಬರು ಬೋಧಕರು ಕೈ ಚೆಲ್ಲಿದ್ದರು. ವಿಭಾಗದ ಮುಖ್ಯಸ್ಥ ಲೂಥರ್ ಗುಲಿಕ್ ಆ ತರಗತಿಯನ್ನು ನೈಸ್ಮಿತ್ ಅವರ ಕೈಗಿತ್ತು, ಒಳಾಂಗಣದಲ್ಲಿ ಆಡಬಹುದಾದ ಹೊಸ ಆಟ ಬೇಕು ಎಂದರು. ಗಡುವು ಎರಡು ವಾರ.

ಮೊದಲು ಅವರು ಮಾಡಿದ್ದೆಲ್ಲ ಸೋತಿತು. ಚಿಕ್ಕ ಮಕ್ಕಳ ಆಟ ಆಡಿಸಿದರೆ ಅವರಿಗೆ ಬೇಸರ. ಫುಟ್‌ಬಾಲನ್ನು ಒಳಗೆ ತಂದರೆ ಕಿಟಕಿ ಗಾಜು ಒಡೆಯಿತು, ಲಕ್ರಾಸ್ ಆಡಿಸಿದರೆ ಕೈ ಮುಖ ಪೆಟ್ಟಾಯಿತು. ನನ್ನ ಟಿಪ್ಪಣಿ ಪುಸ್ತಕವಾಗಿದ್ದರೆ ಇಷ್ಟರಲ್ಲಿ ತರಗತಿ ಶಿಸ್ತಿಲ್ಲದ್ದು ಎಂದು ಬರೆದು ಮುಗಿಸುತ್ತಿದ್ದೆ. ಅವರು ಆಟಗಳನ್ನೇ ಬಿಚ್ಚಿ ನೋಡಿದರು. ಪೆಟ್ಟಾಗುವುದು ಏಕೆ? ಚೆಂಡು ಹಿಡಿದು ಓಡುವವನನ್ನು ಕೆಡವಲೇಬೇಕು, ಅದಕ್ಕೆ. ಹಾಗಾದರೆ ಚೆಂಡು ಹಿಡಿದವನು ಓಡಬಾರದು. ಗೋಲು ಎದುರಿಗೆ ನೆಟ್ಟಗೆ ನಿಂತಿದ್ದರೆ ಜೋರಾಗಿ ಹೊಡೆದವನೇ ಗೆಲ್ಲುತ್ತಾನೆ. ಅದನ್ನು ಮಲಗಿಸಿ, ತಲೆಗಿಂತ ಮೇಲೆ ಇಟ್ಟರೆ?

ಈ ಯೋಚನೆ ಬಂದದ್ದು ಬಾಲ್ಯದ ಒಂದು ಆಟದಿಂದ. ದೊಡ್ಡ ಬಂಡೆಯ ಮೇಲೆ ಇಟ್ಟ ಕಲ್ಲನ್ನು ದೂರದಿಂದ ಕಲ್ಲೆಸೆದು ಬೀಳಿಸುವ ಆಟ; ನಮ್ಮ ಲಗೋರಿಯ ದೂರದ ನೆಂಟ ಎನ್ನಬಹುದು. ಅದರಲ್ಲಿ ರಭಸದಿಂದ ಎಸೆದ ಕಲ್ಲು ಗುರಿ ತಪ್ಪಿದರೆ ದೂರ ಹೋಗಿ ಬೀಳುತ್ತದೆ, ಅದನ್ನು ತರುವಷ್ಟರಲ್ಲಿ ಆಟಗಾರ ಸಿಕ್ಕಿಬೀಳುತ್ತಾನೆ. ಕಮಾನಿನಂತೆ ಮೇಲೆತ್ತಿ ಮೆಲ್ಲಗೆ ಎಸೆದವನಿಗೇ ಅನುಕೂಲ. ಉತ್ಕ್ಷೇಪಕದ ಪಥವನ್ನು ಕಪ್ಪು ಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ, ಅದರಿಂದ ಜಗಳವನ್ನೂ ತಪ್ಪಿಸಬಹುದೆಂದು ಹೊಳೆದಿರಲಿಲ್ಲ.

ಕಟ್ಟಡ ನೋಡಿಕೊಳ್ಳುತ್ತಿದ್ದವರನ್ನು ಎರಡು ಪೆಟ್ಟಿಗೆ ಕೇಳಿದರು. ಪೆಟ್ಟಿಗೆ ಇರಲಿಲ್ಲ, ಪೀಚ್ ಹಣ್ಣಿನ ಎರಡು ಬುಟ್ಟಿ ಸಿಕ್ಕವು. ಬಾಲ್ಕನಿಯ ಕಂಬಿಗೆ ಮೊಳೆ ಹೊಡೆದು ತೂಗುಹಾಕಿದರು. ಆ ಬಾಲ್ಕನಿ ಇದ್ದದ್ದು ಹತ್ತು ಅಡಿ ಎತ್ತರದಲ್ಲಿ. ಇಂದಿಗೂ ಜಗತ್ತಿನೆಲ್ಲೆಡೆ ರಿಂಗ್ ಇರುವುದು ಅದೇ ಎತ್ತರದಲ್ಲಿ! ಹದಿಮೂರು ನಿಯಮಗಳನ್ನು ಟೈಪ್ ಮಾಡಿಸಿ ಸೂಚನಾ ಫಲಕಕ್ಕೆ ಅಂಟಿಸಿದರು. ಒಂದೊಂದು ಕಡೆ ಒಂಬತ್ತು ಜನ, ಚೆಂಡು ಫುಟ್‌ಬಾಲಿನದು. 1891ರ ಡಿಸೆಂಬರಿನ ಆ ಮೊದಲ ಆಟದಲ್ಲಿ ಬಿದ್ದದ್ದು ಒಂದೇ ಗೋಲು. ಬುಟ್ಟಿಗೆ ತಳವಿದ್ದುದರಿಂದ ಏಣಿ ಹತ್ತಿ ಚೆಂಡು ತೆಗೆಯಬೇಕಾಗಿತ್ತು. ತಂಟೆ ಮಾಡುತ್ತಿದ್ದವರು ಮಾತ್ರ ಆಟ ಬಿಟ್ಟು ಹೋಗಲು ಒಲ್ಲೆ ಎಂದರು. ನೈಸ್ಮಿತ್ ಹೆಸರನ್ನೇ ಆಟಕ್ಕೆ ಇಡೋಣ ಎಂದು ಆ ತರಗತಿಯವನೊಬ್ಬ ಕೇಳಿದಾಗ ಅವರು ನಕ್ಕು ಬೇಡವೆಂದರು. ಕೆಲವೇ ದಿನಗಳಲ್ಲಿ ಹತ್ತಿರದ ಶಾಲೆಯ ಶಿಕ್ಷಕಿಯರು ಗದ್ದಲ ಕೇಳಿ ಒಳಬಂದು, ನಾವೇಕೆ ಆಡಬಾರದು ಎಂದು ಕೇಳಿ ತಾವೂ ಆಡಿದರು. ಮುಂದೆ ಅವರ ಪತ್ನಿಯಾದ ಮಾಡ್ ಶೆರ್ಮನ್ ಆಗ ಆಡಿದವರಲ್ಲಿ ಒಬ್ಬರು.

ಆಮೇಲೆ ಡೆನ್ವರ್‌ನಲ್ಲಿ ವೈದ್ಯಕೀಯ ಓದಿ 1898ರಲ್ಲಿ ಪದವಿ ಪಡೆದರು, ಅದೇ ವರ್ಷ ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಬ್ಯಾಸ್ಕೆಟ್‌ಬಾಲ್ ತಂಡದ ತರಬೇತುದಾರರಾಗಿ ಅವರದು ಗೆಲುವಿಗಿಂತ ಸೋಲೇ ಹೆಚ್ಚು. ಅದರ ಬಗ್ಗೆ ಅವರು ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ.

ನನಗೆ ಅವರ ಕೊನೆಯ ವರ್ಷಗಳ ಒಂದು ಸಂಗತಿ ಮುಖ್ಯ. 1933ರಲ್ಲಿ ಜಾನ್ ಮೆಕ್ಲೆಂಡನ್ ಎಂಬ ಕಪ್ಪು ವರ್ಣದ ಹುಡುಗ ದೈಹಿಕ ಶಿಕ್ಷಣ ಓದಲು ಅಲ್ಲಿಗೆ ಬಂದ. ವಿಶ್ವವಿದ್ಯಾಲಯದ ತಂಡದಲ್ಲಿ ಕರಿಯರಿಗೆ ಜಾಗವಿರಲಿಲ್ಲ. ಅಂದರೆ ಆಟವನ್ನು ಓದಬಹುದು, ಆಡುವ ಹಾಗಿಲ್ಲ. ಎಪ್ಪತ್ತು ದಾಟಿದ್ದ ನೈಸ್ಮಿತ್ ಅವನನ್ನು ತಮ್ಮ ಶಿಷ್ಯನೆಂದು ಒಪ್ಪಿಕೊಂಡು ಕಲಿಸಿದರು. 1936ರಲ್ಲಿ ಪದವಿ ಪಡೆದ ಮೆಕ್ಲೆಂಡನ್ ಮುಂದೆ ಅಮೆರಿಕದ ದೊಡ್ಡ ತರಬೇತುದಾರರಲ್ಲಿ ಒಬ್ಬರಾದರು. ಅದೇ 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಬ್ಯಾಸ್ಕೆಟ್‌ಬಾಲ್ ಸೇರಿತು. ಅದನ್ನು ನೋಡಲು ನೈಸ್ಮಿತ್ ಹೋದದ್ದು ತರಬೇತುದಾರರು ಕೂಡಿಸಿಕೊಟ್ಟ ಹಣದಲ್ಲಿ. 1939ರ ನವೆಂಬರ್ 28ರಂದು ತೀರಿಕೊಂಡರು.

ಇನ್ನೊಂದು ಎಳೆ ನಮ್ಮ ಕಡೆಗೂ ಬರುತ್ತದೆ. ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಓದಿದ ಎಚ್. ಸಿ. ಬಕ್ ಎಂಬವರು 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಆರಂಭಿಸಿದರು. ಭಾರತದಲ್ಲಿ ಆಟದ ಮೇಷ್ಟ್ರಿಗೂ ತರಬೇತಿ ಬೇಕೆಂಬುದು ಬೇರೂರಿದ್ದು ಹೀಗೆ.

ಆ ಶುಕ್ರವಾರ ಮಳೆ ಬಂತು. ಮೈದಾನವೆಲ್ಲ ಕೆಸರು. ದೈಹಿಕ ಶಿಕ್ಷಕರ ಅನುಮತಿ ಪಡೆದು ಒಳಗೇ ಕೂರಿಸಿ ಈ ಕಥೆ ಹೇಳಿದೆ, ಅವರೂ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದರು. ಒಬ್ಬ ಹುಡುಗ ಆ ಮೇಷ್ಟ್ರಿಗೆ ಎಷ್ಟು ದುಡ್ಡು ಬಂತು ಎಂದು ಕೇಳಿದ. ಆಟದಿಂದ ಅವರು ಶ್ರೀಮಂತರಾಗಲಿಲ್ಲ, ಮೇಷ್ಟ್ರ ಸಂಬಳದಲ್ಲೇ ಬದುಕಿದರು ಎಂದೆ. ತರಗತಿ ನಿರಾಶೆಯಿಂದ ಉಸ್ಸೆಂದಿತು. ಕಿಟಕಿ ಪಕ್ಕದವಳು ಕೇಳಿದ್ದು ಬೇರೆ. ಹೈಸ್ಕೂಲು ಬಿಟ್ಟವರು ವಾಪಸ್ ಬಂದು ಗಣಿತವನ್ನೂ ಪಾಸು ಮಾಡಬೇಕಾಯಿತಾ ಎಂದು. ಹೈಸ್ಕೂಲು ಮುಗಿಸದೆ ಕಾಲೇಜಿಗೆ ಸೇರಿಸಿಕೊಳ್ಳುತ್ತಾರಾ ಎಂದೆ. ದೈಹಿಕ ಶಿಕ್ಷಕರು ಎದ್ದು, ತಾವು ಬಿ.ಪಿ.ಎಡ್.ಗೆ ಮುನ್ನ ಯಾವ ಯಾವ ಪರೀಕ್ಷೆ ಪಾಸಾದೆವೆಂದು ಒಂದೊಂದಾಗಿ ಹೇಳಿದರು. ಅವಳು ಬರೆದುಕೊಂಡಳು.

ಉಳಿದ ನಾಲ್ಕು ಪಾಠಗಳನ್ನು ಬೆಳಗ್ಗೆ ಒಂಬತ್ತಕ್ಕೆ ವಿಶೇಷ ತರಗತಿ ಇಟ್ಟು ಮುಗಿಸಿದೆ. ನಾಲ್ಕರಲ್ಲಿ ಮೂರಕ್ಕೆ ಅವಳು ಬಂದಿದ್ದಳು.