ಲಿಂಕನ್ ಮನೆಯ ಹೊಲ

ಅಬ್ರಹಾಂ ಲಿಂಕನ್ ಹೆಸರು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಮಗನ ಮೇಷ್ಟ್ರಿಗೆ ಅವರು ಬರೆದರು ಅನ್ನೋ ಪತ್ರ ಪ್ರತಿ ಶಿಕ್ಷಕರ ದಿನಾಚರಣೆಗೂ ನಮ್ಮ ವಾಟ್ಸಾಪ್ ಗುಂಪಿಗೆ ಬಂದೇ ಬರುತ್ತೆ. ಆ ಪತ್ರ ಲಿಂಕನ್ ಬರೆದದ್ದು ಅನ್ನೋದಕ್ಕೆ ಒಂದು ಆಧಾರವೂ ಇಲ್ಲ ಗೆಳೆಯರೇ. ಅವರು ನಿಜವಾಗಿ ಬರೆದ ಒಂದು ಪತ್ರ ಬೇರೆ ಇದೆ, ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ಅದರ ವಿಷಯ ಮುಂದೆ ಹೇಳ್ತೀನಿ. ಯುದ್ಧ, ಗುಲಾಮಗಿರಿ, ಗುಂಡೇಟು ಇವೆಲ್ಲ ಶಾಲೆ ಪುಸ್ತಕದಲ್ಲೇ ಇವೆ. ನಾನು ಬರೆಯೋದು ಅವರ ಮನೆ, ಅವರಪ್ಪನ ಹೊಲ, ಅಲ್ಲಿ ಹುಟ್ಟಿದವರು, ಸತ್ತವರ ವಿಷಯ.

ಲಿಂಕನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಕೆಂಟಕಿ ರಾಜ್ಯದಲ್ಲಿ, ಮರದ ದಿಮ್ಮಿ ಜೋಡಿಸಿ ಕಟ್ಟಿದ ಒಂದೇ ಕೋಣೆಯ ಮನೆಯಲ್ಲಿ. ಅಪ್ಪ ಥಾಮಸ್, ರೈತ ಮತ್ತು ಬಡಗಿ. ಅಮ್ಮ ನ್ಯಾನ್ಸಿ. ಎರಡು ವರ್ಷಕ್ಕೆ ದೊಡ್ಡವಳು ಅಕ್ಕ ಸಾರಾ. ಆಮೇಲೆ ಒಬ್ಬ ತಮ್ಮ ಹುಟ್ಟಿದ, ಅಪ್ಪನ ಹೆಸರೇ ಇಟ್ಟರು. ಆ ಕೂಸು ಹೆಚ್ಚು ದಿನ ಬದುಕಲಿಲ್ಲ.

ಅಷ್ಟರಲ್ಲಿ ಅವರು ನಾಬ್ ಕ್ರೀಕ್ ಅನ್ನೋ ಹಳ್ಳದ ದಂಡೆಗೆ ಬಂದಿದ್ದರು. ಅಲ್ಲಿ ಇದ್ದದ್ದು ಗೇಣಿಗೆ ಹಿಡಿದ 30 ಎಕರೆ. ಅಲ್ಲಿನದೊಂದು ನೆನಪನ್ನ ಲಿಂಕನ್ ದೊಡ್ಡವರಾದ ಮೇಲೂ ಹೇಳುತ್ತಿದ್ದರು. ಮೆಕ್ಕೆಜೋಳದ ಸಾಲಿನ ನಡುವೆ, ನಮ್ಮ ಕಡೆ ಅಕ್ಕಡಿ ಹಾಕೋ ಹಾಗೆ, ಕುಂಬಳದ ಬೀಜ ಹಾಕೋದು ಆ ಹುಡುಗನ ಪಾಲಿನ ಕೆಲಸ. ಸಾಲು ಬಿಟ್ಟು ಸಾಲು, ಒಂದೊಂದು ಕಡೆ ಎರಡೆರಡು ಬೀಜ. ಮಾರನೇ ದಿನ ಗುಡ್ಡದ ಮೇಲೆ ದೊಡ್ಡ ಮಳೆ. ಹೊಲಕ್ಕೆ ಒಂದು ಹನಿ ಬೀಳಲಿಲ್ಲ, ಆದರೆ ಗುಡ್ಡದ ನೀರು ಇಳಿದು ಬಂದು ಜೋಳ, ಕುಂಬಳ, ಮೇಲ್ಮಣ್ಣು ಎಲ್ಲ ಬಳಿದುಕೊಂಡು ಹೋಯ್ತು. ಹಾವೇರಿ ಕಡೆ ಹಳ್ಳದ ಹೊಲ ಮಾಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಕೆಂಟಕಿಯಲ್ಲಿ ಸರ್ವೆ ಸರಿ ಇರಲಿಲ್ಲ. ಒಬ್ಬನ ಗಡಿ ಇನ್ನೊಬ್ಬನ ಗಡಿ ಮೇಲೆ ಬೀಳೋದು, ದುಡ್ಡು ಕೊಟ್ಟು ಕೊಂಡ ಜಮೀನಿಗೆ ಬೇರೆ ಯಾರೋ ಕಾಗದ ಹಿಡಿದು ಬರೋದು. ಥಾಮಸ್ ಹಾಗೆ ಜಮೀನು, ದುಡ್ಡು ಎರಡೂ ಕಳೆದುಕೊಂಡ. ಕೊನೆಗೆ 1816ರ ಚಳಿಗಾಲದಲ್ಲಿ ಸಂಸಾರ ಕಟ್ಟಿಕೊಂಡು ಓಹಾಯೋ ನದಿ ದಾಟಿ ಇಂಡಿಯಾನಾಗೆ ಹೋದ. ಅಲ್ಲಿ ಸರ್ಕಾರವೇ ಅಳತೆ ಮಾಡಿ ಎಕರೆಗೆ 2 ಡಾಲರಿನಂತೆ ಮಾರುತ್ತಿತ್ತು, ಪಹಣಿ ಜಗಳ ಇಲ್ಲ. ಗುಲಾಮರನ್ನ ಇಟ್ಟುಕೊಳ್ಳೋ ಪದ್ಧತಿಯೂ ಅಲ್ಲಿ ಇರಲಿಲ್ಲ. ಆದರೆ ಜಮೀನು ಅಂದರೆ ದಟ್ಟ ಕಾಡು. ಏಳೆಂಟು ವರ್ಷದ ಹುಡುಗನ ಕೈಗೆ ಕೊಡಲಿ ಬಂತು. 23 ವರ್ಷ ಆಗೋವರೆಗೂ ಅದು ಹೆಚ್ಚುಕಮ್ಮಿ ಕೈಯಲ್ಲೇ ಇತ್ತು.

1818ರಲ್ಲಿ ಆ ಸೀಮೆಗೆ ಒಂದು ಜಡ್ಡು ಬಂತು. ಮೊದಲು ದನಗಳು ನಡುಗಿ ಬೀಳೋವು, ಆಮೇಲೆ ಹಾಲು ಕುಡಿದ ಜನರಿಗೆ ವಾಂತಿ, ಹೊಟ್ಟೆನೋವು. ಹಾಲಿನ ಕಾಯಿಲೆ ಅಂತಲೇ ಹೆಸರು. ಕಾಡಿನಲ್ಲಿ ಬಿಳಿ ಹೂವಿನ ಒಂದು ಗಿಡ ಬೆಳೆಯುತ್ತೆ. ಹುಲ್ಲು ಕಡಿಮೆ ಆದಾಗ ದನ ಅದನ್ನ ಮೇಯುತ್ತವೆ, ವಿಷ ಹಾಲಿಗೆ ಇಳಿಯುತ್ತೆ. ವಿಜ್ಞಾನಿಗಳು ಆ ವಿಷವನ್ನ ಗುರುತಿಸಿದ್ದು ಸುಮಾರು ನೂರು ವರ್ಷ ಆದಮೇಲೆ. ಅಮ್ಮ ಕರೆದ ಹಾಲನ್ನ ಮಕ್ಕಳು ಕುಡಿಯಬೇಕಾ ಬೇಡವಾ ಅಂತ ಅವತ್ತು ಹೇಳುವವರು ಯಾರೂ ಇರಲಿಲ್ಲ. ನ್ಯಾನ್ಸಿಯನ್ನ ಸಾಕಿದ್ದ ಚಿಕ್ಕಮ್ಮ, ಚಿಕ್ಕಪ್ಪ ಪಕ್ಕದಲ್ಲೇ ಇದ್ದರು. ಇಬ್ಬರೂ ಹೋದರು. ಅಕ್ಟೋಬರ್ 5ರಂದು ನ್ಯಾನ್ಸಿ ಕೂಡ ಹೋದಳು. ವಯಸ್ಸು 34. ಮಗನಿಗೆ ಒಂಬತ್ತು, ಮಗಳಿಗೆ ಹನ್ನೊಂದು.

ಥಾಮಸ್ ಬಡಗಿ ತಾನೇ, ಆ ಊರಿನ ಶವಪೆಟ್ಟಿಗೆ ಮಾಡೋದೂ ಅವನ ಕೆಲಸವೇ. ಹೆಂಡತಿಗೂ ಅವನೇ ಹಲಗೆ ಕೊಯ್ದು ಪೆಟ್ಟಿಗೆ ಮಾಡಿದ. ಕಬ್ಬಿಣದ ಮೊಳೆಗೆ ದುಡ್ಡಿಲ್ಲದ ಕಾಲ, ಮರದ ಮೊಳೆಗಳನ್ನ ಮಗ ಕೂತು ಕೆತ್ತಿಕೊಟ್ಟ ಅಂತ ಆ ಮನೆಯವರು ಹೇಳಿದ್ದು ದಾಖಲಾಗಿದೆ. ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿತವನು, ಕೈಗೆಲಸದ ಮನುಷ್ಯ. ಲಿಂಕನ್ ಬಗ್ಗೆ ಓದಿದ್ದರಲ್ಲಿ ನನಗೆ ಮರೆಯೋಕೆ ಆಗದೆ ಇರೋದು ಇದೊಂದೇ. ಕೆಲಸ ಯಾವುದಾದರೂ ಅಳತೆ ಸರಿ ಬರಬೇಕು, ಅಮ್ಮನ ಪೆಟ್ಟಿಗೆ ಆದರೂ ಸರಿಯೇ.

ಒಂದು ವರ್ಷಕ್ಕೂ ಹೆಚ್ಚು ಕಾಲ ಹನ್ನೊಂದು ಹನ್ನೆರಡರ ಹುಡುಗಿ ಸಾರಾ ಒಲೆ ಹಚ್ಚಿದಳು. ಆಮೇಲೆ ಥಾಮಸ್ ಕೆಂಟಕಿಗೆ ವಾಪಸ್ ಹೋಗಿ, 1819ರ ಡಿಸೆಂಬರಿನಲ್ಲಿ ಮೂರು ಮಕ್ಕಳ ವಿಧವೆಯೊಬ್ಬಳನ್ನ ಮದುವೆಯಾಗಿ ಕರೆತಂದ. ಅವಳ ಹೆಸರೂ ಸಾರಾ. ಬಂದವಳು ಮೊದಲು ಮಾಡಿದ್ದು ಮಕ್ಕಳ ಮೈ ತೊಳೆದದ್ದು. ಮಣ್ಣಿನ ನೆಲಕ್ಕೆ ಹಲಗೆ ಹಾಕು ಅಂತ ಗಂಡನ ಬೆನ್ನು ಹತ್ತಿದಳು. ತಾನು ತಂದ ಹಾಸಿಗೆ, ಪೆಟ್ಟಿಗೆ, ಚಮಚ ಎಲ್ಲರಿಗೂ ಒಂದೇ ಅಂದಳು. ಸತ್ತವಳ ಕಡೆಯ ಅನಾಥ ಹುಡುಗನೊಬ್ಬನೂ ಸೇರಿ ಒಂದೇ ಮನೆಯಲ್ಲಿ ಎಂಟು ಜನ. ನಮ್ಮ ಕ್ಯಾಂಪ್ ರೂಮಿನಲ್ಲೂ ಎಂಟೇ ಜನ ಇದ್ದೀವಿ, ಆದರೆ ಅಲ್ಲಿ ಎಸಿ ರಿಮೋಟಿಗೆ ಜಗಳ ಇರಲಿಲ್ಲ! ನಮ್ಮ ಕಥೆಗಳಲ್ಲಿ ಮಲತಾಯಿ ಅಂದರೆ ಕೆಟ್ಟವಳೇ. ಈ ಮಲತಾಯಿಗೆ ಅಕ್ಷರ ಬರುತ್ತಿರಲಿಲ್ಲ, ಆದರೂ ಹುಡುಗ ಓದುತ್ತಾ ಕೂತರೆ ಎಬ್ಬಿಸಬೇಡಿ ಅನ್ನುತ್ತಿದ್ದಳು. ಅವನು ಶಾಲೆಗೆ ಹೋದದ್ದು ಎಲ್ಲಾ ಸೇರಿ ಒಂದು ವರ್ಷವೂ ಆಗಲ್ಲ.

ಅಪ್ಪನ ಜೊತೆ ಹಾಗಲ್ಲ. ಆಗಿನ ಕಾನೂನಿನಂತೆ 21 ವರ್ಷದವರೆಗೆ ಮಗನ ದುಡಿಮೆ ಅಪ್ಪನದು. ಥಾಮಸ್ ಮಗನನ್ನ ಅಕ್ಕಪಕ್ಕದವರ ಹೊಲಕ್ಕೆ ಕೂಲಿಗೆ ಕಳಿಸಿ ದುಡ್ಡು ಇಸಕೊಳ್ಳುತ್ತಿದ್ದ. ದಿನಕ್ಕೆ 25 ಸೆಂಟ್. ಕಡ ತಂದ ಒಂದು ಪುಸ್ತಕ ಮಳೆಗೆ ನೆಂದು ಹಾಳಾಯ್ತು ಅಂತ, ಅದರ ಬೆಲೆಗೆ ಹುಡುಗ ಮೂರು ದಿನ ಮೇವು ಕಿತ್ತ. ಥಾಮಸ್ ಕೆಟ್ಟವನು ಅಂತ ಬರೆದವರು ಬಹಳ ಜನ. ನನಗೆ ಹಾಗನ್ನಿಸಲ್ಲ. ಎಂಟು ಬಾಯಿ, ಕಾಡು ಕಡಿದು ಮಾಡಿದ ಹೊಲ. ಆ ಮನುಷ್ಯ ಬೇರೆ ಏನು ಮಾಡಬೇಕಿತ್ತು? ನಾವೂ ತಿಂಗಳು ತಿಂಗಳು ಸಂಬಳ ಊರಿಗೆ ಹಾಕುತ್ತೀವಿ. ಆದರೆ ನಾವೇ ಹಾಕೋದು ಬೇರೆ, ನಮ್ಮ ಕೈಗೆ ಬರೋ ಮೊದಲೇ ಇನ್ನೊಬ್ಬರು ಇಸಕೊಳ್ಳೋದು ಬೇರೆ. ಆ ಹುಡುಗನ ಮನಸ್ಸಿನಲ್ಲಿ ಅದು ಉಳಿದಿರಬೇಕು.

ಅಕ್ಕ ಸಾರಾ 1826ರಲ್ಲಿ ಪಕ್ಕದ ಮನೆತನಕ್ಕೆ ಮದುವೆಯಾದಳು. 1828ರ ಜನವರಿ 20ರಂದು ಹೆರಿಗೆಯಲ್ಲಿ ತೀರಿಕೊಂಡಳು, ಇನ್ನೂ 21 ತುಂಬಿರಲಿಲ್ಲ. ಕೂಸೂ ಉಳಿಯಲಿಲ್ಲ, ಒಟ್ಟಿಗೇ ಮಣ್ಣು ಮಾಡಿದರು. ಅವಳ ಗಂಡನ ಮನೆಯವರು ಹೊತ್ತಿಗೆ ಸರಿಯಾಗಿ ಆರೈಕೆ ಮಾಡಿಸಲಿಲ್ಲ ಅನ್ನೋ ಸಿಟ್ಟು ತಮ್ಮನಿಗೆ ಹೋಗಲೇ ಇಲ್ಲ.

1830ರಲ್ಲಿ ಮತ್ತೆ ಹಾಲಿನ ಕಾಯಿಲೆ ಸುದ್ದಿ ಬಂತು. ಸಂಸಾರ ಎತ್ತಿನ ಗಾಡಿ ಹೂಡಿ ಇಲಿನಾಯ್‌ಗೆ ಹೊರಟಿತು. ಲಿಂಕನ್‌ಗೆ 21 ಆಗಿತ್ತು. ಅಪ್ಪನಿಗೆ ಹೊಸ ಹೊಲಕ್ಕೆ ಬೇಲಿ ಹಾಕಿಕೊಟ್ಟು, ಮಾರನೇ ವರ್ಷ ಮನೆ ಬಿಟ್ಟ. ಮುಂದೆ ವಕೀಲರಾದರು, ಮೇರಿಯನ್ನ ಮದುವೆಯಾದರು, ಅದೆಲ್ಲ ಗೊತ್ತಿರೋದೇ. ಅಪ್ಪನಿಗೆ ಕಷ್ಟ ಬಂದಾಗ 1841ರಲ್ಲಿ 200 ಡಾಲರ್ ಕೊಟ್ಟು 40 ಎಕರೆ ತಾವೇ ಕೊಂಡು, ಅಪ್ಪ ಅಮ್ಮ ಇರೋತನಕ ಉಣ್ಣಲಿ ಅಂತ ಬಿಟ್ಟರು. ದುಡ್ಡು ಕೊಟ್ಟರು, ಹೋಗಿ ಬರೋದು ಮಾತ್ರ ಅಪರೂಪ.

1850ರ ಫೆಬ್ರವರಿಯಲ್ಲಿ ಲಿಂಕನ್ ಅವರ ಎರಡನೇ ಮಗ ಎಡ್ಡಿ, ನಾಲ್ಕು ತುಂಬೋ ಮೊದಲೇ ತೀರಿಕೊಂಡ. ಡಿಸೆಂಬರಿನಲ್ಲಿ ವಿಲ್ಲಿ ಹುಟ್ಟಿದ. ಆಗಲೇ ಅಪ್ಪನಿಗೆ ಬಹಳ ಹುಷಾರಿಲ್ಲ ಅಂತ ಊರಿಂದ ಪತ್ರದ ಮೇಲೆ ಪತ್ರ. 1851ರ ಜನವರಿ 12ರಂದು ಲಿಂಕನ್ ಮಲತಮ್ಮನಿಗೆ ಉತ್ತರ ಬರೆದರು. ನಾನು ಮೊದಲು ಹೇಳಿದ ಪತ್ರ ಇದೇ. ಬಾಣಂತಿ ಹೆಂಡತಿಗೆ ಹುಷಾರಿಲ್ಲ, ಬರೋಕಾಗಲ್ಲ, ವೈದ್ಯರನ್ನ ಕರೆಸಿ, ದೇವರನ್ನ ನಂಬು ಅಂತ ಅಪ್ಪನಿಗೆ ಹೇಳು ಅನ್ನೋದು ಒಂದು ಭಾಗ. ಈಗ ಭೇಟಿಯಾದರೆ ಇಬ್ಬರಿಗೂ ಸಂತೋಷಕ್ಕಿಂತ ನೋವೇ ಹೆಚ್ಚಾಗಬಹುದೇನೋ ಅನ್ನೋದು ಇನ್ನೊಂದು. ಐದು ದಿನಕ್ಕೆ ಥಾಮಸ್ ತೀರಿಕೊಂಡ. ಮಗ ಮಣ್ಣಿಗೆ ಹೋಗಲಿಲ್ಲ.

ನಮ್ಮ ರೂಮಿನ ಒಬ್ಬರಿಗೆ ಹೋದ ವರ್ಷ ಅಪ್ಪ ತೀರಿಕೊಂಡಾಗ ರಜೆ ಸಿಗಲಿಲ್ಲ, ಎಲ್ಲವನ್ನೂ ಫೋನಿನ ವಿಡಿಯೋದಲ್ಲೇ ನೋಡಿದರು. ಲಿಂಕನ್‌ಗೆ ಪಾಸ್‌ಪೋರ್ಟ್ ಯಾರೂ ಇಟ್ಟುಕೊಂಡಿರಲಿಲ್ಲ, ಅಷ್ಟು ದೂರವೂ ಇರಲಿಲ್ಲ. ಹೋಗಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಎರಡು ವರ್ಷ ಆದಮೇಲೆ ಹುಟ್ಟಿದ ಕೊನೇ ಮಗನಿಗೆ ಅವರು ಇಟ್ಟ ಹೆಸರು ಥಾಮಸ್.

ಮಲತಮ್ಮ ಆ ಹೊಲ ಮಾರೋಣ ಅಂದಾಗ ಮಾತ್ರ ಲಿಂಕನ್ ಒಪ್ಪಲಿಲ್ಲ. ಅಮ್ಮ ಇರೋತನಕ ಅದು ಅಮ್ಮನ ಅನ್ನ ಅಂತ ಖಡಕ್ಕಾಗಿ ಬರೆದರು. ಅಧ್ಯಕ್ಷರಾಗಿ ಆರಿಸಿ ಬಂದಮೇಲೆ, 1861ರ ಜನವರಿ ಕೊನೆಯಲ್ಲಿ, ವಾಷಿಂಗ್ಟನ್‌ಗೆ ಹೊರಡೋ ಮುಂಚೆ ಚಳಿಯಲ್ಲಿ ಪ್ರಯಾಣ ಮಾಡಿ ಆ ಮುದುಕಿಯನ್ನ ನೋಡಿ ಬಂದರು. ಅಪ್ಪನ ಸಮಾಧಿಗೂ ಹೋದರು. ಅಲ್ಲಿ ಒಂದು ಕಲ್ಲು ನಿಲ್ಲಿಸಬೇಕು ಅಂದುಕೊಂಡಿದ್ದು ಅವರ ಕೈಯಿಂದ ಆಗಲಿಲ್ಲ. 1865ರಲ್ಲಿ ಅವರನ್ನ ಕೊಂದ ಸುದ್ದಿ ಆ ಹೊಲದ ಮನೆಗೆ ಮುಟ್ಟಿದಾಗ ಮಲತಾಯಿ ಇನ್ನೂ ಇದ್ದಳು. 1869ರಲ್ಲಿ ತೀರಿಕೊಂಡಳು. ಗಂಡನ ಪಕ್ಕದಲ್ಲೇ ಮಣ್ಣು ಮಾಡಿದರು.