ಬೆಂಗಳೂರು ಕಂಡ ಮ್ಯಾಕ್ಸ್ ಬಾರ್ನ್

1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ತಾಯ್ನಾಡಿನಲ್ಲಿ ನೆಲೆ ಕಳೆದುಕೊಂಡ ಪ್ರಾಧ್ಯಾಪಕರೊಬ್ಬರು ಪತ್ನೀಸಮೇತರಾಗಿ ಆಗಮಿಸಿದರು. ಅವರೇ ಮ್ಯಾಕ್ಸ್ ಬಾರ್ನ್. ಬರಮಾಡಿಕೊಂಡವರು ಆಗಿನ ನಿರ್ದೇಶಕರಾದ ಸರ್ ಸಿ. ವಿ. ರಾಮನ್.

1882ರ ಡಿಸೆಂಬರ್ 11ರಂದು ಬ್ರೆಸ್ಲಾವ್ ನಗರದ ಯಹೂದಿ ಮನೆತನದಲ್ಲಿ ಜನಿಸಿದ ಬಾರ್ನ್, 1921ರಲ್ಲಿ ಗಾಟಿಂಗೆನ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪೀಠವನ್ನೇರಿದರು. 1925ರಲ್ಲಿ ಕಿರಿಯ ಸಹಾಯಕ ಹೈಸೆನ್‌ಬರ್ಗ್ ತಂದೊಪ್ಪಿಸಿದ ವಿಚಿತ್ರ ಗಣನೆಯಲ್ಲಿ ಮಾತೃಕೆಗಳ ಗಣಿತವನ್ನು ಗುರುತಿಸಿದವರು ಅವರೇ. ಆದರೆ ಅವರ ನಿಜವಾದ ಹಿರಿಮೆಯಿರುವುದು 1926ರ ಲೇಖನದಲ್ಲಿ. ಶ್ರೋಡಿಂಗರ್ ನಿರೂಪಿಸಿದ ತರಂಗವು ಹರಡಿಕೊಂಡ ದ್ರವ್ಯವಲ್ಲ. ಕಣವು ಯಾವ ಎಡೆಯಲ್ಲಿ ದೊರೆತೀತೆಂಬ ಸಂಭವನೀಯತೆಯನ್ನು ಅದರ ವರ್ಗವು ತಿಳಿಸುತ್ತದೆ ಎಂದು ಅವರು ಪ್ರತಿಪಾದಿಸಿದರು. ಇಷ್ಟು ದೊಡ್ಡ ಮಾತಿನಲ್ಲಿ ವರ್ಗದ ವಿಚಾರ ಮೊದಲು ಕಾಣಿಸಿಕೊಂಡದ್ದು ಒಂದು ಅಡಿಟಿಪ್ಪಣಿಯಲ್ಲಿ!

ಸಿಂದಗಿ ಸೀಮೆಯ ರೈತನು ಹಿಂಗಾರಿ ಜೋಳ ಬಿತ್ತುವಾಗ ಮಳೆ ಬಂದೀತೋ ಬಾರದೋ ಎಂದು ಮುಗಿಲು ನೋಡುತ್ತಾನೆ. ಆ ಅನಿಶ್ಚಿತತೆ ಅರಿವಿನ ಕೊರತೆಯಿಂದ ಬಂದದ್ದು; ಗಾಳಿ ಮೋಡಗಳ ಲೆಕ್ಕವೆಲ್ಲ ಸಿಕ್ಕರೆ ಅದು ಅಳಿಯುವುದೆಂದು ಹಳೆಯ ಭೌತಶಾಸ್ತ್ರ ನಂಬಿತ್ತು. ಬಾರ್ನ್ ಅವರ ಮಾತು ಇದಕ್ಕಿಂತ ಕಠಿಣ. ಲೆಕ್ಕ ಪೂರ್ಣವಾದ ಮೇಲೂ ಒಂಟಿ ಕಣದ ನಡೆ ನಿರ್ಧಾರಿತವಲ್ಲ. ಪರಮಮಿತ್ರರಾದ ಐನ್‌ಸ್ಟೈನ್ ಇದನ್ನು ಕಡೆಯವರೆಗೂ ಒಪ್ಪಲಿಲ್ಲ. ಪತ್ರಗಳಲ್ಲಿ ದಶಕಗಳ ಕಾಲ ವಾದ ನಡೆಯಿತು. ಸ್ನೇಹ ಮಾತ್ರ ಮುರಿಯಲಿಲ್ಲ. ಐನ್‌ಸ್ಟೈನ್ ಬಯಸಿದ ಬಗೆಯ ಗುಪ್ತ ಕಾರಣಗಳಿಗೆ ಎಡೆಯಿಲ್ಲವೆಂದು ತೋರಿದ ಪ್ರಯೋಗಗಳಿಗೆ 2022ರಲ್ಲಿ ನೊಬೆಲ್ ಸಂದಿತು.

1933ರಲ್ಲಿ ನಾತ್ಸಿ ಶಾಸನವು ಬಾರ್ನ್ ಅವರ ಪೀಠವನ್ನು ಕಸಿದುಕೊಂಡಿತು. ಕೇಂಬ್ರಿಜ್ಜಿನ ತಾತ್ಕಾಲಿಕ ಆಶ್ರಯದ ತರುವಾಯ ಬಂದದ್ದೇ ಬೆಂಗಳೂರಿನ ಆಹ್ವಾನ. ಇಲ್ಲಿ ಅವರು ಉಪನ್ಯಾಸಗಳನ್ನಿತ್ತರು. ತರುಣ ವಿಜ್ಞಾನಿ ನಾಗೇಂದ್ರನಾಥರೊಡನೆ ಬೆಳಕಿನ ಸಿದ್ಧಾಂತವನ್ನು ಕುರಿತು ಪ್ರಬಂಧ ರಚಿಸಿದರು. ಅವರಿಗೆ ಖಾಯಂ ಪೀಠವೊಂದನ್ನು ಕಲ್ಪಿಸಬೇಕೆಂದು ರಾಮನ್ ಹಟ ತೊಟ್ಟರು. ಆ ಸಭೆಯಲ್ಲಿ ಆಂಗ್ಲ ಪ್ರಾಧ್ಯಾಪಕರೊಬ್ಬರು, ಸ್ವದೇಶವೇ ಹೊರದೂಡಿದ ಎರಡನೆಯ ದರ್ಜೆಯ ಪರಕೀಯನು ನಮಗೇಕೆ ಎಂಬರ್ಥದಲ್ಲಿ ಬಾರ್ನ್ ಅವರ ಎದುರಿಗೇ ನುಡಿದರು. ಮನೆಗೆ ಮರಳಿದ ಬಾರ್ನ್ ಪತ್ನಿಯ ಮುಂದೆ ಅತ್ತುಬಿಟ್ಟರು. ಪೀಠ ದೊರೆಯಲಿಲ್ಲ. 1936ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯ ಅವರನ್ನು ಗೌರವದಿಂದ ಕರೆದುಕೊಂಡಿತು. ನಷ್ಟ ನಮ್ಮ ನಾಡಿನದಾಯಿತು. ಮರುವರ್ಷ ರಾಮನ್ ಅವರೂ ನಿರ್ದೇಶಕ ಪದವಿಯಿಂದ ಇಳಿದರು.

ಹೈಸೆನ್‌ಬರ್ಗರಿಗೆ 1932ರ ನೊಬೆಲ್ ಸಂದರೆ, ಗುರುವಿಗೆ ಅದು ದೊರೆತದ್ದು 1954ರಲ್ಲಿ, ಸಂಭವನೀಯತೆಯ ಆ ವ್ಯಾಖ್ಯಾನಕ್ಕಾಗಿ. 1970ರ ಜನವರಿ 5ರಂದು ಬಾರ್ನ್ ಗಾಟಿಂಗೆನ್‌ನಲ್ಲಿ ನಿಧನರಾದರು. ಅದೇ ವರ್ಷದ ನವೆಂಬರಿನಲ್ಲಿ ರಾಮನ್ ಬೆಂಗಳೂರಿನಲ್ಲಿ ತೀರಿಕೊಂಡರು. ಸ್ಥಾನ ಸಂವೇಗಗಳನ್ನು ಗುಣಿಸುವ ಕ್ರಮ ಬದಲಾದರೆ ಫಲವೂ ಬದಲಾಗುವುದೆಂಬ ಸಮೀಕರಣವನ್ನು ಬಾರ್ನ್ ಅವರ ಸಮಾಧಿಯ ಕಲ್ಲಿನ ಮೇಲೆ ಕೆತ್ತಲಾಗಿದೆ.