ತುರುಬು, ತುಂಬುತೋಳಿನ ರವಿಕೆ ಮತ್ತು ಕಲ್ಪನಾ

ಅರ್ಧ ಶತಮಾನಕ್ಕೂ ಹಿಂದಿನ ಹೆಣ್ಣುಮಕ್ಕಳ ಉಡುಗೆ ತೊಡುಗೆ ಮತ್ತೆ ಚಲಾವಣೆಗೆ ಬಂದಿದೆ. ಕಾಲೇಜುಗಳ ರೆಟ್ರೊ ದಿನಾಚರಣೆ, ಮದುವೆಗೆ ಮುನ್ನ ತೆಗೆಸುವ ಫೋಟೊಗಳು, ಮೊಬೈಲ್ ಪರದೆಯ ತುಣುಕು ವಿಡಿಯೊಗಳು ಎಲ್ಲದರಲ್ಲೂ ನೆತ್ತಿಯ ಮೇಲೆ ಉಬ್ಬಿಸಿದ ಕೂದಲು, ಚುಕ್ಕೆಗಳ ಸೀರೆ, ಕಣ್ಣಂಚಿನಾಚೆಗೆ ಎಳೆದ ಕಾಡಿಗೆ ಕಾಣುತ್ತವೆ. ಈ ವೇಷಕ್ಕೆ ಮಾದರಿ ಯಾರೆಂದು ಕೇಳಿದರೆ ಎಳೆಯರ ಬಾಯಲ್ಲಿ ಮೊದಲು ಬರುವುದು ಹಿಂದಿ ತಾರೆಯರ ಹೆಸರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಕನ್ನಡದ ಮಧ್ಯಮ ವರ್ಗದ ಮನೆಗಳಲ್ಲಿ ಉಡುವ, ತೊಡುವ, ತುರುಬು ಕಟ್ಟುವ ಬಗೆಯನ್ನು ಒಂದು ಕಾಲಕ್ಕೆ ನಿರ್ಧರಿಸಿದ್ದು ಮುಂಬೈಯಲ್ಲ, ಮಿನುಗುತಾರೆ ಕಲ್ಪನಾ.

ದಕ್ಷಿಣ ಕನ್ನಡದಲ್ಲಿ 1943ರ ಜುಲೈ 18ರಂದು ಹುಟ್ಟಿದ ಈಕೆಯ ಮೊದಲ ಹೆಸರು ಶರತ್‌ಲತಾ. ತಂದೆ ಕೃಷ್ಣಮೂರ್ತಿ, ತಾಯಿ ಜಾನಕಮ್ಮ. ಚಿತ್ರರಂಗಕ್ಕೆ ಕರೆತಂದದ್ದು ಕೋಲಾರ ಸೀಮೆಯವರಾದ ಬಿ.ಆರ್. ಪಂತುಲು, ಚಿತ್ರ 1963ರ ‘ಸಾಕು ಮಗಳು’. ಮರುವರ್ಷವೇ ಎನ್. ಲಕ್ಷ್ಮೀನಾರಾಯಣರ ‘ನಾಂದಿ’. ಆದರೂ ಆಕೆ ಮನೆಮಾತಾದದ್ದು 1967ರಲ್ಲಿ, ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ಕಾದಂಬರಿಯನ್ನು ‘ಬೆಳ್ಳಿಮೋಡ’ವಾಗಿ ತೆರೆಗೆ ತಂದಾಗ.

ಈ ಕಾದಂಬರಿಯ ನಂಟನ್ನು ಸ್ವಲ್ಪ ನಿಂತು ನೋಡಬೇಕು. ತ್ರಿವೇಣಿ 1963ರಲ್ಲೇ ಅಕಾಲ ಮರಣಕ್ಕೆ ತುತ್ತಾಗಿದ್ದರು. ಅವರ ಕಾದಂಬರಿಗಳನ್ನು ಓದಿದ್ದ ಗೃಹಿಣಿಯರು, ಶಿಕ್ಷಕಿಯರು, ಕಾಲೇಜು ಹುಡುಗಿಯರು ನಾಯಕಿಯನ್ನು ಮನಸ್ಸಿನಲ್ಲಿ ಮೊದಲೇ ಚಿತ್ರಿಸಿಕೊಂಡಿದ್ದರು. ತೆರೆಯ ಮೇಲೆ ಕಲ್ಪನಾ ಬಂದಾಗ ಆ ಚಿತ್ರಕ್ಕೊಂದು ಮುಖ ಬಂತು, ಮುಖದ ಜೊತೆಗೆ ಒಂದು ರವಿಕೆಯೂ ಬಂತು. ಹಾಗಾಗಿ ಆಕೆಯ ಉಡುಗೆಯ ಅನುಕರಣೆಯನ್ನು ಕೇವಲ ಸಿನಿಮಾ ಹುಚ್ಚೆಂದು ತಳ್ಳಿಹಾಕುವುದು ಸರಿಯಲ್ಲ. ಓದುವ ಹೆಣ್ಣು ತನ್ನಂಥ ಇನ್ನೊಬ್ಬಳನ್ನು ಗುರುತಿಸಿದ ಬಗೆ ಅದು.

ಏನಿತ್ತು ಆ ಉಡುಗೆಯಲ್ಲಿ? ಮುಂಗೈವರೆಗೆ ಇಳಿಯುವ ತುಂಬುತೋಳಿನ ರವಿಕೆ, ದಪ್ಪ ಬಳೆ, ದೊಡ್ಡ ಉಂಗುರ, ಕುತ್ತಿಗೆಗೆ ಮಣಿಸರ, ತಲೆಯ ಹಿಂದೆ ಭಾರೀ ತುರುಬು. ಒಂದೊಂದಾಗಿ ನೋಡಿದರೆ ಯಾವುದೂ ಹೊಸದಲ್ಲ, ಹೊಸದಿದ್ದದ್ದು ಜೋಡಣೆಯಲ್ಲಿ. ಒಡವೆ ಚಿನ್ನದ್ದೇ ಆಗಬೇಕೆಂಬ ಹಟ ಅಲ್ಲಿರಲಿಲ್ಲ ಎಂಬುದು ಸಂಬಳದ ಲೆಕ್ಕದಲ್ಲಿ ಬದುಕುವ ಮನೆಗಳಿಗೆ ಸಣ್ಣ ಸಮಾಧಾನವಲ್ಲ.

ಇಂದು ಇದನ್ನು ಮರುಸೃಷ್ಟಿಸ ಹೊರಟವರಿಗೆ ಮೊದಲ ತೊಡಕು ತೋಳಿನದು. ಉದ್ದ ತೋಳು ಬಿಗಿಯಾಗಿಯೂ ಇರಬೇಕು, ಕೈ ಎತ್ತಿದಾಗ ಕಂಕುಳಲ್ಲಿ ಹಿಡಿಯಲೂ ಬಾರದು. ಹಿಗ್ಗುವ ಬಟ್ಟೆಯಲ್ಲಿ ಇದು ಸುಲಭ. ಟೂ ಬೈ ಟೂ ರುಬಿಯಾದಂಥ ಹಿಗ್ಗದ ಹತ್ತಿ ಬಟ್ಟೆಯಲ್ಲಿ ಎಲ್ಲವೂ ದರ್ಜಿಯ ಕತ್ತರಿಯನ್ನೇ ಅವಲಂಬಿಸಿದೆ. ಸಿದ್ಧ ಉಡುಪು ತಂದು ಪಕ್ಕ ಹಿಡಿಸಿದರೆ ಆ ಮೈಕಟ್ಟು ಬರದು. ತುರುಬಿನ ಕಥೆಯೂ ಅಷ್ಟೇ. ನೆತ್ತಿಯ ಕೂದಲನ್ನು ಎಳೆ ಎಳೆಯಾಗಿ ಹಿಮ್ಮುಖವಾಗಿ ಬಾಚಿ ಸಿಕ್ಕುಗಟ್ಟಿಸಿ, ಮೇಲಿನ ಪದರವನ್ನು ಮಾತ್ರ ನಯವಾಗಿ ಹೊದಿಸಿ, ಒಳಗೆ ಚೌರಿ ತುಂಬಿ, ಪಿನ್ನು ಚುಚ್ಚಿ, ಬೇಕಾದರೆ ಬಲೆ ಹಾಕಬೇಕು. ಮಲಗುವ ಮುನ್ನ ಅದನ್ನು ಬಿಡಿಸುವುದು ಕಟ್ಟುವುದಕ್ಕಿಂತ ಕಷ್ಟ. ಸ್ವಂತ ಕೂದಲಿನಿಂದಲೇ ಅಷ್ಟು ದೊಡ್ಡ ತುರುಬು ಬರುತ್ತಿತ್ತೆಂದು ನಂಬಿ ನಮ್ಮ ಕಾಲದ ನೀರನ್ನೂ ಶಾಂಪೂವನ್ನೂ ಶಪಿಸುವವರು ಈ ಚೌರಿಯನ್ನು ಮರೆಯುತ್ತಾರೆ.

ಕಲ್ಪನಾ ಶೈಲಿ ನಾಡಿನ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಹಬ್ಬಿತೆಂದು ಹೇಳಲಾಗದು. ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆಗಳನ್ನೊಳಗೊಂಡ ಕೋಲಾರದ ಚಿನ್ನದ ಗಣಿ ಪ್ರದೇಶವನ್ನೇ ನೋಡಿ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಳ್ಳುವವರೆಗೆ ಅದು ಇಂಗ್ಲಿಷ್ ಕಂಪನಿಯ ನೆಲ. ಕ್ಲಬ್ಬಿನ ನೃತ್ಯಕ್ಕೆ ಹೋಗುವ ಆಂಗ್ಲೋ ಇಂಡಿಯನ್ ಹೆಂಗಳೆಯರದು ಫ್ರಾಕ್ ಮತ್ತು ಗುಂಗುರು ಮಾಡಿಸಿದ ಮೋಟು ಕೂದಲು. ತಮಿಳು ಮಾತಾಡುವ ಗಣಿ ಕಾರ್ಮಿಕರ ಮನೆಗಳಿಗೆ ಹತ್ತಿರವಿದ್ದದ್ದು ತಮಿಳು ತೆರೆ. ಅಲ್ಲಿ ಸೀರೆಯ ಮಾದರಿಯಾಗಿ ಮೆರೆಯುತ್ತಿದ್ದವರೂ ಕನ್ನಡತಿ ಬಿ. ಸರೋಜಾದೇವಿಯೇ. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿತು. 2018ರ ‘ಕೆ.ಜಿ.ಎಫ್’ ಚಿತ್ರ ಹಳೆಯ ಕಾಲದ ವೇಷಕ್ಕೆ ಹೊಸ ಬೇಡಿಕೆ ತಂದಿತೇನೋ ನಿಜ, ಆದರೆ ಗಣಿಯೂರಿನ ಈ ಬೆರಕೆ ಅಂದಚೆಂದಕ್ಕೆ ಅಲ್ಲಿ ಜಾಗವಿರಲಿಲ್ಲ.

ಮತ್ತೆ ಕಲ್ಪನಾ ವಿಷಯಕ್ಕೆ ಬರೋಣ. ‘ಬೆಳ್ಳಿಮೋಡ’ದ ಇಂದಿರಾ ಆಸ್ತಿಗಾಗಿ ತನ್ನನ್ನು ಬಯಸಿ, ಆಸ್ತಿ ಕೈತಪ್ಪಿದಾಗ ಬೇಡವೆಂದ ಗಂಡನ್ನು ಅವನು ಕಾಲು ಮುರಿದುಕೊಂಡು ಬಿದ್ದಾಗ ಉಪಚರಿಸುತ್ತಾಳೆ. ಅವನು ಪಶ್ಚಾತ್ತಾಪ ಪಟ್ಟು ಮದುವೆಯ ಮಾತೆತ್ತಿದಾಗ ಒಲ್ಲೆನೆನ್ನುತ್ತಾಳೆ. ‘ಹಣ್ಣೆಲೆ ಚಿಗುರಿದಾಗ’ ವಿಧವೆಯ ಮರುವಿವಾಹದ ಪ್ರಶ್ನೆಯನ್ನು ಎತ್ತಿತು. ಎಂ.ಕೆ. ಇಂದಿರಾ ಅವರ ಕಾದಂಬರಿ ಆಧರಿಸಿದ ‘ಗೆಜ್ಜೆಪೂಜೆ’ಯ ಚಂದ್ರಾ ಹುಟ್ಟಿದ ಮನೆತನದ ಕಸುಬಿನಿಂದ ಬಿಡಿಸಿಕೊಳ್ಳಲಾಗದೆ ಸಾಯುತ್ತಾಳೆ. 1971ರ ‘ಶರಪಂಜರ’ ವರ್ಣಚಿತ್ರ. ಬಣ್ಣದಲ್ಲಿ ಕಂಡ ಆ ಸೀರೆಗಳನ್ನು ಅಂಗಡಿಗಳಲ್ಲಿ ಹುಡುಕಿದವರೇ ಬಾಣಂತನದ ನಂತರ ಬುದ್ಧಿ ಕದಡಿದ ಕಾವೇರಿಯ ಪಾಡನ್ನೂ ನೋಡಿದರು. ಗುಣವಾಗಿ ಮನೆಗೆ ಮರಳಿದವಳ ನಡೆ ನುಡಿಯಲ್ಲೆಲ್ಲ ಹುಚ್ಚನ್ನೇ ಹುಡುಕುವ ಗಂಡ, ನೆರೆಹೊರೆ ಸೇರಿ ಆಕೆಯನ್ನು ಮತ್ತೆ ಆಸ್ಪತ್ರೆಗೇ ದೂಡುತ್ತಾರೆ. ಮೊದಲು ಕಂಡ ಅಲಂಕಾರವೇ ಕೊನೆಯ ಕೆದರಿದ ತಲೆಯನ್ನು ಅಷ್ಟು ಭೀಕರವಾಗಿಸಿದ್ದು. ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ ಮೂರಕ್ಕೂ ಆಕೆಗೆ ರಾಜ್ಯದ ಶ್ರೇಷ್ಠ ನಟಿ ಪ್ರಶಸ್ತಿ ಬಂತು.

ನನ್ನ ತಕರಾರು ಇರುವುದು ಇಲ್ಲಿ. ಇಂದಿನ ಮರುಸೃಷ್ಟಿ ತೋಳನ್ನೂ ತುರುಬನ್ನೂ ಉಳಿಸಿಕೊಂಡು ಇಂದಿರಾ, ಕಾವೇರಿಯರನ್ನು ಕೈಬಿಡುತ್ತದೆ. ಆ ಕಾಲವೆಂದರೆ ಲಾವಣ್ಯ, ಮರ್ಯಾದೆ, ಮಲ್ಲಿಗೆ ಹೂವು ಎಂಬಂತೆ ತೋರಿಸುತ್ತದೆ. ಮೈ ಮುಚ್ಚುವ ರವಿಕೆಯನ್ನು ಸಂಸ್ಕಾರದ ಸಾಕ್ಷಿಯೆಂದು ಮೆಚ್ಚುವ ಹಿರಿಯರೂ ಇದ್ದಾರೆ. ಅದನ್ನು ತೊಟ್ಟ ನಾಯಕಿ ಮದುವೆಯೇ ಬೇಡವೆಂದಳು ಎಂಬುದು ಅವರಿಗೆ ಮರೆತಂತಿದೆ.

‘ಶರಪಂಜರ’ದ ನಂತರ ಪುಟ್ಟಣ್ಣ ಮತ್ತು ಕಲ್ಪನಾ ಜೊತೆಯಾಗಿ ಕೆಲಸ ಮಾಡಲಿಲ್ಲ. 1974ರ ‘ಎರಡು ಕನಸು’, 1976ರ ‘ಬಯಲುದಾರಿ’ ಗೆದ್ದವಾದರೂ ಅವಕಾಶಗಳು ತೆಳುವಾಗುತ್ತಾ ಬಂದವು. ಮೂವತ್ತು ದಾಟಿದ ನಾಯಕಿಗೆ ನಮ್ಮ ಚಿತ್ರರಂಗ ಕೊಡುವ ಗಡುವು ಆಗಲೂ ಚಿಕ್ಕದೇ. ಆಕೆ ಗುಡಗೇರಿ ಬಸವರಾಜರ ನಾಟಕ ಕಂಪನಿಯ ಜೊತೆ ಉತ್ತರ ಕರ್ನಾಟಕದ ಊರುಗಳಲ್ಲಿ ರಂಗವೇರಿದರು. ತೆರೆಯಲ್ಲಿ ಕಂಡಿದ್ದ ತುರುಬನ್ನು, ರವಿಕೆಯನ್ನು ಅಲ್ಲಿನ ಜನ ಹತ್ತಿರದಿಂದ ನೋಡಿದ್ದು ಆ ನಾಟಕಗಳಲ್ಲೇ. 1979ರ ಮೇ 12ರಂದು ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಬಳಿಯ ಗೋಟೂರಿನ ಬಂಗಲೆಯಲ್ಲಿ ಕಲ್ಪನಾ ತೀರಿಕೊಂಡರು. ಮೂವತ್ತಾರು ತುಂಬಲು ಇನ್ನೂ ಎರಡು ತಿಂಗಳಿತ್ತು.